ನಾನು ಮಾಡದ ಖರ್ಚಿಗೆ ಕ್ರೆಡಿಟ್ ಕಾರ್ಡ್ ಬಿಲ್ ಬಂದಿದೆ, ಬ್ಯಾಂಕ್ ಕಟ್ಟಲೇಬೇಕು ಎನ್ನುತ್ತಿದೆ. ಏನು ಮಾಡಲಿ?

ಆ ಮೊತ್ತವನ್ನು ಈಗಲೇ ಕಟ್ಟಬೇಡಿ. ನೀವು ಬರೆದಿರುವ ಪ್ರಕಾರ ಒಟಿಪಿ ಬಂದೇ ಇಲ್ಲ, ಕಾರ್ಡ್ ನಿಮ್ಮ ಬಳಿಯೇ ಇದೆ, ವಿದೇಶಿ ಜಾಲತಾಣವೊಂದರಲ್ಲಿ ಹಣ ಹೋಗಿದೆ, ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿದ್ದೀರಿ. ಇಷ್ಟೆಲ್ಲ ಆದಮೇಲೂ ‘ವ್ಯವಹಾರ ಯಶಸ್ವಿಯಾಗಿದೆ, ಹೊಣೆ ನಿಮ್ಮದೇ’ ಎಂದು ಹೇಳುವ ಹಕ್ಕು ಬ್ಯಾಂಕಿಗಿಲ್ಲ. ನನಗೂ ಹೆಚ್ಚುಕಡಿಮೆ ಇದೇ ಆಗಿತ್ತು. ಹಣ ಮರಳಿ ಬಂತು, ಆದರೆ ತಾನಾಗಿ ಬರಲಿಲ್ಲ.

ನನ್ನ ಕಾರ್ಡಿನಿಂದ ಹಣ ಹೋದದ್ದು ಡಾಲರ್ ಲೆಕ್ಕದಲ್ಲಿ, ನಡುರಾತ್ರಿ ಕಳೆದ ಮೇಲೆ. ಮೊದಲು ಒಂದು ಡಾಲರ್ ಕಡಿತವಾದ ಸಂದೇಶ, ಅದರ ಬೆನ್ನಿಗೇ ದೊಡ್ಡ ಮೊತ್ತದ ಸಂದೇಶ. ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಕಳ್ಳರು ಹೀಗೆಯೇ ಪರೀಕ್ಷಿಸುತ್ತಾರೆ. ವಿದೇಶಿ ತಾಣಗಳಲ್ಲಿ ಅನೇಕ ಬಾರಿ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಸಿವಿವಿ (ಕಾರ್ಡಿನ ಮೇಲಿರುವ ಕಿರು ಭದ್ರತಾ ಸಂಖ್ಯೆ) ಇದ್ದರೆ ಸಾಕು, ಒಟಿಪಿ ಕೇಳುವುದೇ ಇಲ್ಲ. ಶಾಖೆಗೆ ಹೋದರೆ ‘ಕಾರ್ಡ್ ವಿಭಾಗ ಬೇರೆ, ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂದರು. ಗ್ರಾಹಕ ಸೇವಾ ಕೇಂದ್ರಕ್ಕೆ ಫೋನ್ ಮಾಡಿದಾಗಲೆಲ್ಲ ಹೊಸಬರು ಸಿಗುತ್ತಿದ್ದರು, ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತಿತ್ತು. ಒಬ್ಬರಂತೂ ‘ಮೊತ್ತ ದೊಡ್ಡದಾಗಿದ್ದರೆ ಇಎಂಐ ಮಾಡಿಕೊಡಲೇ?’ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಇಎಂಐಗೆ ಒಪ್ಪಿದರೆ, ಆ ಸಾಲ ನನ್ನದೇ ಎಂದು ನೀವೇ ಬರೆದುಕೊಟ್ಟಂತೆ ಆಗುತ್ತದೆ.

ನಿಮ್ಮ ಕೈಯಲ್ಲಿರುವ ಬಲವಾದ ಆಧಾರವೆಂದರೆ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಗ್ರಾಹಕರ ಅನುಮತಿಯಿಲ್ಲದೆ ನಡೆದ ಎಲೆಕ್ಟ್ರಾನಿಕ್ ವ್ಯವಹಾರಗಳಲ್ಲಿ ಹೊಣೆ ಯಾರದು ಎಂಬುದನ್ನು ಅದು ನಿಗದಿಪಡಿಸಿದೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಬೇರೆಲ್ಲೋ ಮಾಹಿತಿ ಸೋರಿದೆ ಎಂದಾದಾಗ, ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 4ರಿಂದ 7 ಕೆಲಸದ ದಿನಗಳಾದರೆ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿನ ಮಿತಿಯ ಕಾರ್ಡಿಗೆ 25,000. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕ್ ಆ ಮೊತ್ತವನ್ನು ತಾತ್ಕಾಲಿಕವಾಗಿ ಮರಳಿ ಜಮಾ ಮಾಡಬೇಕು, 90 ದಿನಗಳಲ್ಲಿ ದೂರನ್ನು ಇತ್ಯರ್ಥಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪು ಗ್ರಾಹಕರದೇ ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನ ಮೇಲಿದೆ. ನೀವು ನಿರಪರಾಧಿ ಎಂದು ನೀವು ತೋರಿಸಿಕೊಡಬೇಕಾಗಿಲ್ಲ.

ನನಗೂ ತಾತ್ಕಾಲಿಕ ಜಮಾ ಬಂದು, ಮುಂದಿನ ಸ್ಟೇಟ್‌ಮೆಂಟಿನಲ್ಲಿ ಒಂದು ಸಾಲಿನ ವಿವರಣೆಯೊಂದಿಗೆ ಅದು ಮತ್ತೆ ಕಡಿತವಾಯಿತು. ಆಗ ಫೋನ್ ಮಾಡುವುದನ್ನೇ ಬಿಟ್ಟು ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಪತ್ರ ಬರೆದೆ. ಸಂದೇಶ ಬಂದ ಸಮಯ, ನಾನು ಕಾರ್ಡ್ ಬ್ಲಾಕ್ ಮಾಡಿಸಿದ ಸಮಯ, ದೂರು ಸಂಖ್ಯೆ, ಸುತ್ತೋಲೆಯ ದಿನಾಂಕ. ಕೊನೆಗೆ ಒಂದೇ ಬೇಡಿಕೆ: ‘ಈ ವ್ಯವಹಾರವನ್ನು ನಾನೇ ದೃಢೀಕರಿಸಿದ್ದೇನೆ ಎಂಬುದಕ್ಕೆ ನಿಮ್ಮಲ್ಲಿರುವ ದಾಖಲೆಯನ್ನು ಕೊಡಿ.’ ಆ ದಾಖಲೆ ಅವರಲ್ಲಿ ಇರಲಿಲ್ಲ. ಇಮೇಲ್ ಕಳುಹಿಸಿದ್ದಲ್ಲದೆ ಶಾಖೆಗೂ ಒಂದು ಪ್ರತಿ ಕೊಟ್ಟೆ. ಅವರು ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರು. ನನ್ನ ಪ್ರತಿಯ ಮೇಲೆ ಮೊಹರು, ಸಹಿ, ದಿನಾಂಕ ಬೀಳುವವರೆಗೂ ನಾನು ಕೌಂಟರ್ ಬಿಟ್ಟು ಕದಲಲಿಲ್ಲ. ನೀವೂ ಹಾಗೆಯೇ ಮಾಡಿ. ನೀವು ಯಾವಾಗ ತಿಳಿಸಿದಿರಿ ಎಂಬುದರ ಮೇಲೆಯೇ ಇಡೀ ಪ್ರಕರಣ ನಿಂತಿರುವುದರಿಂದ ಆ ಮೊಹರಿಗೆ ಬೆಲೆಯಿದೆ.

ಬಿಲ್ಲಿನ ವಿಷಯ. ನೀವು ನಿಜವಾಗಿ ಮಾಡಿದ ಖರ್ಚನ್ನು ಗಡುವಿನೊಳಗೆ ಪೂರ್ತಿ ಕಟ್ಟಿ, ತಕರಾರಿನ ಮೊತ್ತವನ್ನಷ್ಟೇ ಬಿಡಿ, ಹಾಗೆ ಏಕೆ ಬಿಟ್ಟಿದ್ದೀರಿ ಎಂದು ಇಮೇಲಿನಲ್ಲಿ ತಿಳಿಸಿ. ವಂಚನೆ ಎಂದು ತಕರಾರು ಸಲ್ಲಿಸಿದ ವ್ಯವಹಾರದ ಮೇಲೆ ಅದು ಇತ್ಯರ್ಥವಾಗುವವರೆಗೆ ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿದೆ. ವಸೂಲಿಯವರು ಫೋನ್ ಮಾಡಿದರೆ ದೂರು ಸಂಖ್ಯೆ ಹೇಳಿ, ಮಾತು ಬೆಳೆಸಬೇಡಿ. ನಿಮ್ಮ ಸಾಲ ಮರುಪಾವತಿಯ ದಾಖಲೆಯಾದ ಸಿಬಿಲ್ ವರದಿಯನ್ನೂ ಆಗಾಗ ನೋಡುತ್ತಿರಿ.

ಇನ್ನೂ ಮಾಡಿಲ್ಲದಿದ್ದರೆ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಕರ್ನಾಟಕದಲ್ಲಿದ್ದರೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೂ ಹೋಗಬಹುದು. ಕಳ್ಳ ಸಿಗುತ್ತಾನೋ ಇಲ್ಲವೋ, ಆ ದೂರಿನ ಪ್ರತಿ ಬ್ಯಾಂಕಿನ ಮುಂದೆ ನಿಮ್ಮ ಮಾತಿಗೆ ತೂಕ ತರುತ್ತದೆ.

ಬ್ಯಾಂಕ್ 30 ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ನಿರಾಕರಿಸಿದರೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಡ. ಸಹಾಯಕ್ಕೆ 14448 ಸಂಖ್ಯೆಯಿದೆ. ಆದರೆ ಬ್ಯಾಂಕಿಗೆ ಮೊದಲು ಬರೆದು ಕೊಟ್ಟಿರಲೇಬೇಕು, ಇಲ್ಲದಿದ್ದರೆ ದೂರನ್ನು ಪರಿಗಣಿಸುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತು: ಒಟಿಪಿಯನ್ನು ಯಾರಿಗಾದರೂ ಹೇಳಿದ್ದರೆ ಲೆಕ್ಕ ಬೇರೆ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರದ್ದು ಬ್ಯಾಂಕಿನದು. ಹಾಗಾಗಿ ಅಂಥವರು ನಾಚಿಕೆಪಟ್ಟು ಸುಮ್ಮನಿರದೆ ಆ ಕ್ಷಣವೇ ಕರೆ ಮಾಡಬೇಕು, ಅದೂ ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಸಂಖ್ಯೆಗಳೂ ಸಿಗುತ್ತವೆ.

ನೀವು ಹೇಳಿದ ಬ್ಯಾಂಕಿನ ಉತ್ತರದಲ್ಲಿ ಕಾರಣವೇನೆಂದು ಬರೆದಿದ್ದಾರೆ? ಕಾರ್ಡ್ ಸಂಖ್ಯೆ, ಹೆಸರು ಅಳಿಸಿ ಅದರ ಒಕ್ಕಣೆಯನ್ನು ಇಲ್ಲಿ ಹಾಕಿ. ಪತ್ರದ ಕರಡನ್ನು ನಾನು ಬರೆದುಕೊಡುತ್ತೇನೆ.