ಕಪ್ಪು ಅಂಗಿ, ಹಸಿರು ಅಂಗಿ, ಎರಡು ಎಕರೆ ತೋಟ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯೊಂದರ ಗೃಹಿಣಿ. ತವರು ಎರಡೇ ಮೈಲಿ ದೂರದಲ್ಲಿದೆ. ತಿಂಗಳಿಗೊಮ್ಮೆ ಅಪ್ಪನನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯುವವಳೂ ನಾನೇ. ಅಣ್ಣ 2009ರಿಂದ ಆಕ್ಲೆಂಡ್‌ನಲ್ಲಿದ್ದಾನೆ. ಅಕ್ಕ ಮತ್ತು ಭಾವ 2017ರಿಂದ ಡಬ್ಲಿನ್‌ನಲ್ಲಿದ್ದಾರೆ. ಅಣ್ಣ ನ್ಯೂಜಿಲೆಂಡ್ ರಗ್ಬಿ ತಂಡದ, ಭಾವ ಐರ್ಲೆಂಡ್ ತಂಡದ ಕಡು ಅಭಿಮಾನಿಗಳು. ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರಿಬ್ಬರ ವಾದ ಓದಿ ನಾವೆಲ್ಲ ನಗುತ್ತಿದ್ದೆವು. 2023ರ ರಗ್ಬಿ ವಿಶ್ವಕಪ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಐರ್ಲೆಂಡ್ ನ್ಯೂಜಿಲೆಂಡ್‌ಗೆ ಸೋತ ರಾತ್ರಿ ಅಣ್ಣ, ‘ಭಾವ, ನೀವು ಬಾಡಿಗೆ ಅಭಿಮಾನಿ, ನಿಮಗ್ಯಾಕೆ ಇಷ್ಟು ಸಂಕಟ?’ ಎಂದು ಬರೆದ. ಅದಕ್ಕೆ ಭಾವ, ‘ಬಾಡಿಗೆಯವನೇ ಇರಬಹುದು, ಮಾವನ ಎರಡು ಎಕರೆ ತೋಟ ಮಾರಿಸಿ ವಿಮಾನ ಹತ್ತಿದವನಲ್ಲ’ ಎಂದರು. ಬೆಳಗಿನ ಜಾವ ಕಾಫಿಗೆ ನೀರಿಡಲು ಎದ್ದವಳು ನಾನು ಅದನ್ನು ಓದಿ ಒಂದು ನಗುವ ಮುಖ ಒತ್ತಿಬಿಟ್ಟೆ. ಅಣ್ಣ ಅಂದೇ ಗುಂಪು ಬಿಟ್ಟ. ಆ ಎರಡು ಎಕರೆಯಲ್ಲಿ ಈಗ ಹೋಂಸ್ಟೇ ಆಗಿದೆ, ಹಾಸನಕ್ಕೆ ಹೋಗುವಾಗಲೆಲ್ಲ ಅದರ ಬೋರ್ಡು ಕಾಣುತ್ತದೆ. ಕಳೆದ ನವೆಂಬರ್ 1ರಂದು ಇಬ್ಬರೂ ನನಗೆ ರಾಜ್ಯೋತ್ಸವದ ಶುಭಾಶಯ ಕಳುಹಿಸಿದರು. ಮರುದಿನವೇ ಅಣ್ಣ, ‘ಶಿಕಾಗೊದಲ್ಲಿ 26-13ರಿಂದ ನಾವೇ ಗೆದ್ದೆವು, ನಿನ್ನ ಭಾವನಿಗೆ ಹೇಳು’ ಎಂದು ಬರೆದ. ಬರುವ ಏಪ್ರಿಲ್‌ನಲ್ಲಿ ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುತ್ತದೆ, ಇಬ್ಬರೂ ಸಂಸಾರ ಸಮೇತ ಬರುತ್ತಾರೆ. ‘ನಮ್ಮೂರಲ್ಲಿ ಚೆಂಡೂ ಸಿಗದ ಆಟಕ್ಕೆ ಇಷ್ಟು ರಂಪವೇ’ ಎಂದು ನನ್ನ ಯಜಮಾನರು ತಮಾಷೆ ಮಾಡುತ್ತಾರೆ. ಇಬ್ಬರನ್ನೂ ಬೇರೆ ಬೇರೆ ದಿನ ಕರೆಯಲೇ? ರಗ್ಬಿಯ ಮಾತೇ ಎತ್ತಬಾರದೆಂದು ಹೇಳಲೇ? ಆ ವಿಶ್ವಕಪ್‌ನ ವರ್ಷ ನನ್ನ ಏಳು ವರ್ಷದ ಮಗನಿಗೆ ಅಣ್ಣ ನ್ಯೂಜಿಲೆಂಡ್‌ನ ಕಪ್ಪು, ಭಾವ ಐರ್ಲೆಂಡ್‌ನ ಹಸಿರು ಜೆರ್ಸಿ ಕಳುಹಿಸಿದ್ದರು, ಎರಡನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅವನು ಯಾವುದನ್ನು ಹಾಕಿಕೊಳ್ಳಲಿ?
— ಹೆಸರು ಬೇಡ, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲಿಗೆ ನಿಮ್ಮ ಯಜಮಾನರ ಮಾತಿಗೆ ನನ್ನದೊಂದು ತಕರಾರಿದೆ. ಚೆಂಡು ಸಕಲೇಶಪುರದ ಅಂಗಡಿಯಲ್ಲಿ ಸಿಗದಿರಬಹುದು, ಆದರೆ ಈ ಆಟದ ಅತ್ಯಂತ ಹಳೆಯ ಹಗೆತನಕ್ಕೆ ಲೋಹ ಒದಗಿಸಿದ್ದು ನಮ್ಮ ದೇಶದ ರೂಪಾಯಿಯೇ. 1878ರಲ್ಲಿ ಕಲ್ಕತ್ತೆಯ ರಗ್ಬಿ ಕ್ಲಬ್ಬೊಂದು ಬಾಗಿಲು ಮುಚ್ಚುವಾಗ ಸದಸ್ಯರು ಬ್ಯಾಂಕಿನಲ್ಲಿದ್ದ ತಮ್ಮ ಹಣವನ್ನು ಬೆಳ್ಳಿಯ ನಾಣ್ಯಗಳಾಗಿ ಪಡೆದು, ಕರಗಿಸಿ, ಹಾವಿನ ಹಿಡಿಕೆಗಳೂ ಮುಚ್ಚಳದ ಮೇಲೆ ಆನೆಯೂ ಇರುವ ಬಟ್ಟಲೊಂದನ್ನು ಮಾಡಿಸಿದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ 1879ರಿಂದ ಇಂದಿನವರೆಗೂ ಅದಕ್ಕಾಗಿಯೇ ಸೆಣಸುತ್ತಿವೆ. ದೂರದ ಆಟಕ್ಕೆ ಮನೆಯವರು ಮನಸ್ಸು ಕೊಟ್ಟರೆಂದು ನಗುವುದು ಸುಲಭ. ನಿಮ್ಮ ಅಣ್ಣನೂ ಭಾವನೂ ದುಡಿಯುವ ಊರಿನಲ್ಲಿ ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಎಲ್ಲರೂ ಮಾತನಾಡುವುದು ಇದೇ ಆಟದ ಬಗ್ಗೆ, ಮತ್ತು ಆ ಮಾತಿನೊಳಗೆ ಸೇರಿಕೊಂಡ ದಿನವೇ ಅವರು ಆ ಊರಿನವರಾದದ್ದು.

ಜಗಳವಾದ ಆ ದಿನಾಂಕವನ್ನೂ ಒಮ್ಮೆ ನೆನಪಿಸಿಕೊಳ್ಳಿ. 2023ರ ಅಕ್ಟೋಬರ್ 14, ಶನಿವಾರ, ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆಯಿಟ್ಟ ಮನೆಗಳಲ್ಲೆಲ್ಲ ಅಂದು ಮಧ್ಯಾಹ್ನದಿಂದ ಟಿವಿಯ ಮುಂದೆ ಜನ ಸೇರಿತ್ತು, ಏಕೆಂದರೆ ಅಹಮದಾಬಾದಿನಲ್ಲಿ ಭಾರತ ಮತ್ತು ಪಾಕಿಸ್ತಾನದ ಕ್ರಿಕೆಟ್ ವಿಶ್ವಕಪ್ ಪಂದ್ಯವಿತ್ತು. ಪಾಕಿಸ್ತಾನ 191ಕ್ಕೆ ಮುದುಡಿತು, ನಾವು ಏಳು ವಿಕೆಟ್‌ಗಳಿಂದ ಗೆದ್ದೆವು. ಸಂಜೆ ನಿಮ್ಮ ಮನೆಯ ಗುಂಪಿನಲ್ಲಿ ಆಕ್ಲೆಂಡ್, ಡಬ್ಲಿನ್, ಸಕಲೇಶಪುರ ಮೂರೂ ಒಂದೇ ಪಕ್ಷದಲ್ಲಿದ್ದವೆಂದು ನಾನು ಊಹಿಸುತ್ತೇನೆ. ಅದೇ ರಾತ್ರಿ ನಮ್ಮ ಗಡಿಯಾರದಲ್ಲಿ ಹನ್ನೆರಡೂವರೆಗೆ ಪ್ಯಾರಿಸ್‌ನ ಪಂದ್ಯ ಶುರುವಾಯಿತು. ಆ ಹೊತ್ತಿಗೆ ನಿಮ್ಮ ಭಾವನಿಗೆ ಶನಿವಾರ ರಾತ್ರಿ ಎಂಟು ಗಂಟೆ, ಅಣ್ಣನಿಗೆ ಭಾನುವಾರ ಬೆಳಿಗ್ಗೆ ಎಂಟು.

ಅಷ್ಟು ಸಂಕಟ ಏಕೆಂದು ನಿಮ್ಮ ಅಣ್ಣ ಕೇಳಿದರಲ್ಲ, ಆ ಪಂದ್ಯ ಅಂಥದ್ದೇ ಆಗಿತ್ತು. ಐರ್ಲೆಂಡ್ ಸತತ ಹದಿನೇಳು ಗೆಲುವುಗಳ ಬೆನ್ನಲ್ಲಿ, ವಿಶ್ವದ ಮೊದಲ ಸ್ಥಾನದ ತಂಡವಾಗಿ ಅಲ್ಲಿಗೆ ಬಂದಿತ್ತು. ಹಿಂದಿನ ಯಾವ ವಿಶ್ವಕಪ್‌ನಲ್ಲಿಯೂ ಅದು ಕ್ವಾರ್ಟರ್‌ಫೈನಲ್‌ನ ಹೊಸಿಲು ದಾಟಿರಲಿಲ್ಲ. ಕೊನೆಯಲ್ಲಿ ನಾಲ್ಕು ಅಂಕ ಹಿಂದಿದ್ದ ತಂಡಕ್ಕೆ ಚೆಂಡನ್ನು ಗೆರೆಯಾಚೆ ನೆಲಕ್ಕೆ ಮುಟ್ಟಿಸಿದರೆ, ಅಂದರೆ ಒಂದು ಟ್ರೈ ಗಳಿಸಿದರೆ, ಐದು ಅಂಕವೂ ಗೆಲುವೂ ಒಟ್ಟಿಗೆ ಸಿಗುತ್ತಿದ್ದವು. ಐದು ನಿಮಿಷಕ್ಕೂ ಹೆಚ್ಚು ಕಾಲ, ಮೂವತ್ತೇಳು ಸಲ ನೆಲಕ್ಕೆ ಬಿದ್ದು ಎದ್ದು, ಚೆಂಡನ್ನು ಕೈಬಿಡದೆ ಅವರು ನುಗ್ಗಿದರು. ಕಡೆಗೆ ನ್ಯೂಜಿಲೆಂಡ್‌ನ ಸ್ಯಾಮ್ ವೈಟ್‌ಲಾಕ್ ಅದರ ಮೇಲೆ ಕೈಹಾಕಿದಾಗ ಎಲ್ಲವೂ ಮುಗಿಯಿತು. ಅಂಕ 28-24. ಡಬ್ಲಿನ್‌ನಲ್ಲಿ ಅಂದು ಮಾತನಾಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲವೆಂದರೆ ನಾನು ನಂಬುತ್ತೇನೆ.

ಇಬ್ಬರ ವಾದ ಎಂದಿಗೂ ಮುಗಿಯದಿರಲು ಅವರು ಮನೆ ಬಿಟ್ಟ ವರ್ಷಗಳೂ ಒಂದು ಕಾರಣ. ಐರ್ಲೆಂಡ್ ಮೊದಲ ಬಾರಿ ನ್ಯೂಜಿಲೆಂಡನ್ನು ಎದುರಿಸಿದ್ದು 1905ರಲ್ಲಿ, ಮೊದಲ ಬಾರಿ ಸೋಲಿಸಿದ್ದು 2016ರ ನವೆಂಬರ್‌ನಲ್ಲಿ, ಇದೇ ಶಿಕಾಗೊದಲ್ಲಿ, 40-29ರಿಂದ. ನಡುವೆ 111 ವರ್ಷಗಳು ಕಳೆದಿದ್ದವು. ನಿಮ್ಮ ಅಣ್ಣ 2009ರಲ್ಲಿ ಹೋಗಿ 2011 ಮತ್ತು 2015ರ ವಿಶ್ವಕಪ್‌ಗಳನ್ನು ತಮ್ಮ ತಂಡ ಎತ್ತಿದ್ದನ್ನು ಕಂಡವರು. ಅವರ ಕಣ್ಣಿಗೆ ಐರ್ಲೆಂಡ್ ಎದುರಾಳಿಯೇ ಆಗಿರಲಿಲ್ಲ. ನಿಮ್ಮ ಭಾವ 2017ರಲ್ಲಿ ಹೋದವರು. 2016ರ ಆ ಗೆಲುವಿನಿಂದ 2023ರ ಆ ರಾತ್ರಿಯ ಮೊದಲಿನವರೆಗೆ ನಡೆದ ಎಂಟು ಪಂದ್ಯಗಳಲ್ಲಿ ಐದನ್ನು ಐರ್ಲೆಂಡ್ ಗೆದ್ದಿತ್ತು, 2022ರಲ್ಲಿ ನ್ಯೂಜಿಲೆಂಡ್‌ನ ನೆಲದಲ್ಲಿಯೇ ಸರಣಿಯನ್ನು 2-1ರಿಂದ ಕಸಿದಿತ್ತು. ಒಬ್ಬರು ಕಪ್‌ಗಳನ್ನು ಎಣಿಸುತ್ತಾರೆ, ಇನ್ನೊಬ್ಬರು ಮುಖಾಮುಖಿ ಪಂದ್ಯಗಳನ್ನು; ಇಬ್ಬರ ಲೆಕ್ಕವೂ ಸರಿಯೇ. ಈ ವಾದ ಇನ್ನೂ ಇಪ್ಪತ್ತು ವರ್ಷ ನಡೆಯಲಿ, ಅದರಿಂದ ಯಾರ ಮನೆಯೂ ಕೆಡದು.

ಇನ್ನು ‘ಬಾಡಿಗೆ ಅಭಿಮಾನಿ’ ಎಂಬ ಮಾತು. ಅದು ಒರಟು, ಜೊತೆಗೆ ಆ ಪಂದ್ಯದ ಮಟ್ಟಿಗೆ ಶುದ್ಧ ತಪ್ಪು. ಅಂದು ಐರ್ಲೆಂಡ್ ಪರವಾಗಿ ಟ್ರೈ ಗಳಿಸಿದ ಇಬ್ಬರು ಆಟಗಾರರು, ಬಂಡೀ ಆಕಿ ಮತ್ತು ಜೇಮಿಸನ್ ಗಿಬ್ಸನ್-ಪಾರ್ಕ್, ನ್ಯೂಜಿಲೆಂಡ್‌ನಲ್ಲಿ ಹುಟ್ಟಿದವರು; ಬದುಕು ಅರಸಿ ಐರ್ಲೆಂಡಿಗೆ ಹೋಗಿ, ಅಂದಿನ ನಿಯಮದಂತೆ ಮೂರು ವರ್ಷ ಅಲ್ಲಿ ನೆಲೆಸಿ, ಹಸಿರು ಅಂಗಿ ತೊಟ್ಟವರು. ಆಕಿ ಹುಟ್ಟಿದ್ದಂತೂ ನಿಮ್ಮ ಅಣ್ಣನ ಆಕ್ಲೆಂಡ್‌ನಲ್ಲಿಯೇ. ಅತ್ತ 2016ರಲ್ಲಿ ಐರ್ಲೆಂಡಿಗೆ ಆ ಮೊದಲ ಗೆಲುವನ್ನು ಕಲಿಸಿಕೊಟ್ಟ ತರಬೇತುದಾರ ಜೋ ಷ್ಮಿಟ್ ನ್ಯೂಜಿಲೆಂಡಿನವರು, ಮತ್ತು 2023ರ ಆ ರಾತ್ರಿ ಅವರು ಕುಳಿತಿದ್ದು ನ್ಯೂಜಿಲೆಂಡ್ ತಂಡದ ತರಬೇತುದಾರರ ಸಾಲಿನಲ್ಲಿ. ಮೈದಾನದೊಳಗಿನವರೇ ಹೀಗೆ ಊರು ಬದಲಿಸಿರುವಾಗ, ಹಾಸನ ಜಿಲ್ಲೆಯಿಂದ ಹೋದ ಇಬ್ಬರಲ್ಲಿ ಯಾರು ಸ್ವಂತ, ಯಾರು ಬಾಡಿಗೆ ಎಂದು ತೀರ್ಮಾನಿಸಲು ನಿಮ್ಮ ಅಣ್ಣನಿಗೆ ಅಧಿಕಾರ ಕೊಟ್ಟವರು ಯಾರು? ಇದನ್ನು ಅವರಿಗೆ ನನ್ನ ಪರವಾಗಿ ಕೇಳಿದರೂ ನನ್ನ ಅಭ್ಯಂತರವಿಲ್ಲ.

ಆದರೆ ನನ್ನ ಮನಸ್ಸು ನಿಂತಿರುವುದು ನಿಮ್ಮ ಪತ್ರದ ಬೇರೆರಡು ಸಾಲುಗಳ ಮೇಲೆ. ನೀವು ನಗುವ ಮುಖ ಒತ್ತಿದ ಸಾಲು ಒಂದು. ಹಾಸನಕ್ಕೆ ಹೋಗುವಾಗಲೆಲ್ಲ ಕಾಣುವ ಬೋರ್ಡಿನ ಸಾಲು ಇನ್ನೊಂದು. ರಗ್ಬಿ ಜಗಳದ ಪತ್ರದಲ್ಲಿ ಹೋಂಸ್ಟೇ ಬೋರ್ಡಿಗೆ ಏನು ಕೆಲಸವೆಂದು ಯೋಚಿಸಿದಾಗ, ನೀವು ಹೇಳಿಕೊಂಡಂತೆ ಇಬ್ಬರ ನಡುವೆ ಸಿಕ್ಕಿಬಿದ್ದವರು ನೀವಲ್ಲವೆಂದು ನನಗೆ ಅನ್ನಿಸಿತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಮೆಣಸಿನ ಬಳ್ಳಿ ಹಬ್ಬಿದ್ದ ಮರಗಳ ಜಾಗದಲ್ಲಿ ಬೋರ್ಡು ಕಂಡಾಗಲೆಲ್ಲ ನಿಮ್ಮೊಳಗೆ ಒಂದು ಮಾತು ಬಂದು ಹಾಗೆಯೇ ಹೋಗುತ್ತಿತ್ತು. ನೀವು ಎಷ್ಟೋ ವರ್ಷ ಆಡದೆ ಇಟ್ಟುಕೊಂಡಿದ್ದ ಆ ಮಾತನ್ನು ಭಾವ ಆಡಿಬಿಟ್ಟರು. ನಿಮ್ಮ ಬೆರಳು ಅದಕ್ಕೆ ಹೌದೆಂದಿತು. ಭಾವನ ಮಾತಿಗಿಂತ ತಂಗಿಯ ಆ ನಗು ಅಣ್ಣನನ್ನು ಹೆಚ್ಚು ಚುಚ್ಚಿರಬಹುದೆಂದು ನನ್ನ ಗುಮಾನಿ. ಭಾವ ಎಷ್ಟೆಂದರೂ ಹೊರಗಿನಿಂದ ಬಂದವರು, ಅವರೊಂದಿಗೆ ಹಟ ಸಾಧಿಸಬಹುದು. ನಿಮ್ಮ ವಿಷಯದಲ್ಲಿ ಅವರಿಗೆ ಸಾಧ್ಯವಾದದ್ದು ಗುಂಪು ಬಿಡುವುದು ಮಾತ್ರ.

ನಿಮ್ಮನ್ನು ದೂರಲು ಇದನ್ನು ಹೇಳುತ್ತಿಲ್ಲ. ನಿಮ್ಮ ಅಸಮಾಧಾನದಲ್ಲಿ ನ್ಯಾಯವಿದೆ: ತೋಟ ಒಬ್ಬರ ಓದಿಗೆ ಕರಗಿತು, ಅಪ್ಪ ಅಮ್ಮನ ಆರೈಕೆ ಇನ್ನೊಬ್ಬರ ಪಾಲಿಗೆ ಬಂತು. ಅದು ಪಿತ್ರಾರ್ಜಿತ ಜಮೀನಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲಿದೆ. ಆ ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ವಕೀಲರೊಬ್ಬರನ್ನು ಬೇರೆಯಾಗಿ ಕಂಡು ವಿಚಾರಿಸಿ, ಏಪ್ರಿಲ್‌ನ ಸಮಾರಂಭಕ್ಕೆ ಅದನ್ನು ತಳುಕು ಹಾಕಬೇಡಿ. ಇನ್ನೊಂದು ಮಾತನ್ನೂ ಮರೆಯಬಾರದು. ಆ ತೋಟ ಮಾರಿದವರು ನಿಮ್ಮ ತಂದೆ, ಕಾಗದಕ್ಕೆ ಸಹಿ ಹಾಕಿದವರೂ ಅವರೇ. ಅದು ಸರಿಯೋ ತಪ್ಪೋ ಎಂದು ಹೇಳಬೇಕಾದವರು ಅವರಿದ್ದಾರೆ, ಕೇಳಿದರೆ ಹೇಳಿಯಾರು. ಡಬ್ಲಿನ್‌ನಿಂದ ಅಳಿಯ ಅದನ್ನು ತೂಗಿ ನೋಡಿದ್ದು ಅತಿಯಾಯಿತು.

ಹಾಗಾಗಿ ಮೊದಲ ಫೋನು ನಿಮ್ಮಿಂದ ಅಣ್ಣನಿಗೆ ಹೋಗಲಿ. ಸಂದೇಶ ಬೇಡ, ದನಿ ಕೇಳಿಸಲಿ. ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆಯಾದರೆ ಅವರಿಗೆ ಕೆಲಸ ಮುಗಿದ ಸಂಜೆ. ಭಾವನ ಸುದ್ದಿಯನ್ನಾಗಲೀ ರಾಜಿಯ ಮಾತನ್ನಾಗಲೀ ಎತ್ತದೆ, ‘ಅಣ್ಣ, ಅವತ್ತು ನಾನು ನಕ್ಕಿದ್ದು ತಪ್ಪಾಯ್ತು. ತೋಟದ ವಿಷಯ ನನ್ನ ಮನಸ್ಸಲ್ಲೂ ಇತ್ತು, ನಿನ್ನ ಹತ್ತಿರವೇ ಕೇಳಬೇಕಿತ್ತು’ ಎಂದು ಹೇಳಿ ಸುಮ್ಮನಾಗಿ. ಆಮೇಲಿನ ಮೌನ ಕಷ್ಟದ್ದು, ಅದನ್ನು ಹವಾಮಾನ, ಕಾಫಿಯ ಧಾರಣೆಗಳಿಂದ ತುಂಬಬೇಡಿ. ಅವರು ಸಿಡುಕಿದರೆ ಕೇಳಿಸಿಕೊಳ್ಳಿ. ಇನ್ನೊಂದು ಸಂಗತಿಯನ್ನು ನೀವಾಗಿಯೇ ನೆನಪಿಸಬಹುದು: ಆ ಕ್ವಾರ್ಟರ್‌ಫೈನಲ್ ಆಗಿ ಎರಡು ವಾರಕ್ಕೆ, ಅಕ್ಟೋಬರ್ 28ರಂದು, ಅವರ ತಂಡ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 12-11ರಿಂದ, ಒಂದೇ ಅಂಕದಿಂದ ಸೋತಿತು. ನಾಯಕ ಸ್ಯಾಮ್ ಕೇನ್ ಕೆಂಪು ಕಾರ್ಡು ಪಡೆದು ಹೊರಗೆ ಕುಳಿತಿದ್ದರು, ಉಳಿದ ಹದಿನಾಲ್ಕು ಜನ ಹೋರಾಡಿದರು. ಆ ಬೆಳಿಗ್ಗೆ ನಿಮ್ಮ ಅಣ್ಣನಿಗೆ ಮನೆಯವರಲ್ಲಿ ಒಬ್ಬರೂ ಒಂದು ಸಾಲು ಬರೆದಿರಲಿಕ್ಕಿಲ್ಲ, ಏಕೆಂದರೆ ಅವರು ಗುಂಪಿನಲ್ಲಿಯೇ ಇರಲಿಲ್ಲ.

ಭಾವನೊಂದಿಗೆ ಮಾತನಾಡಬೇಕಾದವರು ನೀವಲ್ಲ, ನಿಮ್ಮ ಅಕ್ಕ. ತಮ್ಮನ ವಿದ್ಯೆಗೆ ಹೋದ ತೋಟದ ಬಗ್ಗೆ ಗಂಡ ಬರೆದದ್ದನ್ನು ಅವರೂ ಓದಿದ್ದಾರೆ, ಎರಡು ವರ್ಷದಿಂದ ಸುಮ್ಮನಿದ್ದಾರೆ. ಬಾಡಿಗೆಯ ಮಾತನ್ನು ಅಣ್ಣನೂ ತೋಟದ ಮಾತನ್ನು ಭಾವನೂ ಹಿಂತೆಗೆದುಕೊಳ್ಳಬೇಕು. ಮೊದಲು ಯಾರು ಎಂದರೆ ನಾನು ಭಾವ ಎನ್ನುತ್ತೇನೆ. ಕೆದಕಿದ್ದು ಅಣ್ಣನೇ ಆದರೂ ಅವರ ಮಾತು ಆಟದ ಬೇಲಿಯೊಳಗೇ ಇತ್ತು, ಭಾವನದು ಬೇಲಿ ದಾಟಿ ಮಾವನ ತೋಟಕ್ಕೆ ಹೋಯಿತು. ‘ನಿನ್ನ ಭಾವನಿಗೆ ಹೇಳು’ ಎಂಬ ಸಂದೇಶ ಮತ್ತೆ ಬಂದರೆ ‘ನಂಬರ್ ನಿನ್ನ ಹತ್ತಿರವೇ ಇದೆಯಲ್ಲ’ ಎಂದು ಬರೆದು ಬಿಡಿ, ಅಂಚೆಯವನ ಕೆಲಸಕ್ಕೆ ಇಷ್ಟು ವರ್ಷ ನಿಮಗೆ ಸಂಬಳವೇನೂ ಬಂದಿಲ್ಲ.

ಬೇರೆ ಬೇರೆ ದಿನ ಕರೆಯುವ ಯೋಚನೆಯನ್ನು ಕೈಬಿಡಿ. ಐವತ್ತನೆಯ ವರ್ಷದ ಹಾರವನ್ನು ನಿಮ್ಮ ತಂದೆತಾಯಿ ಎರಡು ಸಲ ಬದಲಿಸಿಕೊಳ್ಳಲಾರರು. ರಗ್ಬಿ ನಿಷೇಧವೂ ಬೇಡ; ಅದನ್ನು ತೆಗೆದುಹಾಕಿದರೆ ಅವರಿಬ್ಬರ ನಡುವೆ ಉಳಿಯುವುದು ತೋಟವೊಂದೇ. 2007ರ ಫೆಬ್ರವರಿಯಲ್ಲಿ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ನಡೆದದ್ದು ನಿಮ್ಮ ಭಾವನಿಗೆ ಗೊತ್ತಿರುತ್ತದೆ. 1920ರಲ್ಲಿ ಅದೇ ಮೈದಾನದಲ್ಲಿ ಆಟ ನೋಡುತ್ತಿದ್ದ ಜನರ ಮೇಲೆ ಬ್ರಿಟಿಷ್ ಪಡೆಗಳು ಗುಂಡು ಹಾರಿಸಿ ಹದಿನಾಲ್ಕು ಜನ ಸತ್ತಿದ್ದರು. ಐರ್ಲೆಂಡಿನ ಮಾಮೂಲಿ ರಗ್ಬಿ ಮೈದಾನವನ್ನು ಹೊಸದಾಗಿ ಕಟ್ಟುತ್ತಿದ್ದ ಕಾರಣ ಇಂಗ್ಲೆಂಡ್ ತಂಡ ಅಲ್ಲಿಗೆ ಆಡಲು ಬಂದಾಗ, ಇಂಗ್ಲೆಂಡಿನ ರಾಷ್ಟ್ರಗೀತೆಗೆ ಕೂಗು ಏಳಬಹುದೆಂಬ ಅಳುಕು ಎಲ್ಲರಲ್ಲಿತ್ತು. ಯಾರೂ ಕೂಗಲಿಲ್ಲ, ಕ್ರೀಡಾಂಗಣ ಗೌರವದಿಂದ ನಿಂತಿತು. ಆಮೇಲೆ ಪಂದ್ಯದಲ್ಲಿ ಐರ್ಲೆಂಡ್ ಒಂದಿಷ್ಟೂ ದಾಕ್ಷಿಣ್ಯ ತೋರದೆ 43-13ರಿಂದ ಬಡಿಯಿತು. ನಿಮ್ಮ ಮನೆಯಲ್ಲಿಯೂ ಅಪ್ಪ ಅಮ್ಮ ಹಸೆಯ ಮೇಲೆ ಕುಳಿತಿರುವಷ್ಟು ಹೊತ್ತು ಇಬ್ಬರೂ ಪಕ್ಕಪಕ್ಕ ನಿಲ್ಲಲಿ. ಊಟವಾದ ಮೇಲೆ ಕಾಫಿ ಕಣದಲ್ಲಿ ಕುರ್ಚಿ ಹಾಕಿಕೊಂಡು, 2027ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಗುವ ವಿಶ್ವಕಪ್ ಯಾರದೆಂದು ಬೇಕಾದಷ್ಟು ಕಚ್ಚಾಡಲಿ.

ಉಳಿದದ್ದು ಜೆರ್ಸಿ. ಬೀರುವಿನ ಬೀಗ ತೆಗೆದು ಎರಡನ್ನೂ ಮಗನ ಕೈಗೆ ಕೊಡಿ, ಯಾವುದನ್ನಾದರೂ ಹಾಕಿಕೊಳ್ಳಲಿ. ಏಳು ವರ್ಷದವನಿಗೆಂದು ಬಂದ ಅಂಗಿಗಳು, ಈಗ ಅವನಿಗೆ ಒಂಬತ್ತು ದಾಟಿರಬೇಕು. ತಲೆ ತೂರುವುದೇ ಅನುಮಾನ.