ಬೆಳಗಾವಿ ಕಡೆಯ ಮುತ್ತಜ್ಜನ ದೀಕ್ಷಾಸ್ನಾನದ ದಾಖಲೆ ಎಲ್ಲಿ ಸಿಗುತ್ತದೆ?

ಆತ ಯಾವ ಕ್ರೈಸ್ತ ಸಭೆಯವರೋ (ಪಂಗಡದವರೋ) ಆ ಚರ್ಚಿನಲ್ಲೇ. ದೀಕ್ಷಾಸ್ನಾನದ ರಿಜಿಸ್ಟರ್ ಸರ್ಕಾರದ್ದಲ್ಲ, ಹಾಗಾಗಿ ತಹಶೀಲ್ದಾರ್ ಕಚೇರಿಗೆ ಅಲೆಯಬೇಡಿ.

ಕ್ಯಾಥೊಲಿಕರಾದರೆ ಪ್ಯಾರಿಷ್ ಪಾದ್ರಿಗೆ ಹೆಸರು, ತಂದೆ-ತಾಯಿಯ ಹೆಸರು, ಅಂದಾಜು ವರ್ಷ ಬರೆದುಕೊಡಿ. ಬೆಳಗಾವಿ ಧರ್ಮಪ್ರಾಂತ್ಯ (ಬಿಷಪ್ಪರ ಆಡಳಿತ ಪ್ರದೇಶ) ಆದದ್ದು 1953ರಲ್ಲಿ. ಅದಕ್ಕೂ ಮೊದಲು ಈ ಸೀಮೆ ಗೋವಾ, ಪುಣೆ ಧರ್ಮಪ್ರಾಂತ್ಯಗಳಿಗೆ ಸೇರಿತ್ತು. ಹಳೆಯ ನಮೂದು ಲ್ಯಾಟಿನ್ ಇಲ್ಲವೇ ಪೋರ್ಚುಗೀಸಿನಲ್ಲಿರಬಹುದು: ಮನೆಯ ‘ಜುವಾಂವ್’ ಪುಸ್ತಕದಲ್ಲಿ ‘ಯೊವಾನ್ನೆಸ್’ ಆಗಿರುತ್ತಾನೆ. ಪುಟದ ಅಂಚನ್ನು ಬಿಡದೆ ಓದಿ. 1908ರ ನಂತರ ಮದುವೆಯಾದವರಾದರೆ ಮದುವೆಯ ತಾರೀಖು, ಚರ್ಚು ಅಲ್ಲೇ ಸಣ್ಣಕ್ಷರದಲ್ಲಿ ಸಿಗುವುದುಂಟು. ಆದ್ದರಿಂದ ಬರೀ ಸರ್ಟಿಫಿಕೇಟ್ ಸಾಲದು, ಇಡೀ ನಮೂದಿನ ನಕಲು ಕೇಳಿ.

ಕ್ಯಾಂಪಿನ (ದಂಡಿನ ಪ್ರದೇಶದ) ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿಗೆ ಸೇರಿದ, ಕುಟುಂಬವಾದರೆ ಮೂಲ ಪುಸ್ತಕಕ್ಕೆ ಗೆದ್ದಲು ಹಿಡಿದಿದ್ದರೂ ದಾರಿಯಿದೆ. ನಕಲುಗಳು ಮುಂಬೈ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ‘ಎನ್/3’ ಸರಣಿ ಮುಂಬೈ ಪ್ರೆಸಿಡೆನ್ಸಿಯದು.

ಬೇರೆ ಪ್ರೊಟೆಸ್ಟೆಂಟರಾದರೆ ಊರು ನೋಡಿ. ಬೆಳಗಾವಿಯಲ್ಲಿ 1820ರಿಂದ ಲಂಡನ್ ಮಿಷನ್ ಇತ್ತು, ಆಮೇಲೆ ಅದು ಮೆಥಡಿಸ್ಟರ ಕೈಗೆ ಬಂತು, ಹಾಗಾಗಿ ಮೆಥಡಿಸ್ಟ್ ಚರ್ಚಿನಲ್ಲಿ ಕೇಳಿ. ಗುಳೇದಗುಡ್ಡ, ವಿಜಯಪುರ ಬಾಸೆಲ್ ಮಿಷನ್ನಿನವು. ಅಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯನ್ನು ಕೇಳಿ. ಬಾಸೆಲ್ ಮಿಷನರಿಗಳ ವರದಿ, ಪತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ.

ಬಹಳ ಮಂದಿ ಎಡವುವುದು ತಾರೀಖಿನಲ್ಲಿ. ಪುಟಗಳು ಸ್ನಾನದ ದಿನದ ಕ್ರಮದಲ್ಲಿರುತ್ತವೆ, ಹುಟ್ಟಿದ ದಿನದ್ದಲ್ಲ. ಕೂಸಾಗಿದ್ದರೆ ಹುಟ್ಟಿದ ವರ್ಷವನ್ನೂ ಮುಂದಿನ ಎರಡು ವರ್ಷವನ್ನೂ ತಿರುವಿ. ದೊಡ್ಡವರಾದ ಮೇಲೆ ಸಭೆಗೆ ಸೇರಿದ್ದರೆ ಹಳೆಯ ಹೆಸರನ್ನೂ ಹುಡುಕಿ.