ಮರಳಿನ ಬಿಸಿ ಕಡಲಾಮೆ ಮರಿಯ ಲಿಂಗವನ್ನು ಹೇಗೆ ನಿರ್ಧರಿಸುತ್ತದೆ?

ಕಡಲಾಮೆಗಳಿಗೆ ನಮ್ಮಂತೆ ಎಕ್ಸ್-ವೈ ವರ್ಣತಂತುಗಳಿಲ್ಲ. ಮೊಟ್ಟೆಯಿಟ್ಟಾಗ ಭ್ರೂಣ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ತೀರ್ಮಾನವಾಗುವುದು ಕಾವಿನ ಅವಧಿಯ ನಡುವಿನ ಮೂರನೇ ಒಂದು ಭಾಗದಲ್ಲಿ. ಹೊನ್ನಾವರದ ಕಾಸರಕೋಡಿಗೆ ಬರುವ ಆಲಿವ್ ರಿಡ್ಲಿ ಜಾತಿಯ ಕಡಲಾಮೆಯ ಗೂಡು 50 ದಿನಕ್ಕೆ ಮರಿಯಾಯಿತು ಅಂದುಕೊಳ್ಳಿ, ಸುಮಾರು 17ರಿಂದ 33ನೇ ದಿನದವರೆಗಿನ ಬಿಸಿಯೇ ಲೆಕ್ಕಕ್ಕೆ.

ಬಿಸಿ ಏರಿದರೆ ಭ್ರೂಣದಲ್ಲಿ ಅರೋಮಟೇಸ್ ಎಂಬ ಕಿಣ್ವ ಚುರುಕಾಗಿ, ಗಂಡು ಹಾರ್ಮೋನನ್ನು ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಆಗಿ ಮಾರ್ಪಡಿಸುತ್ತದೆ. ಅಂಡಾಶಯ ಬೆಳೆಯುತ್ತದೆ. ತಂಪಿದ್ದರೆ ವೃಷಣ. 29-30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಒಂದೆರಡು ಡಿಗ್ರಿಯ ವ್ಯತ್ಯಾಸ ಇಡೀ ಗೂಡನ್ನೇ ಒಂದು ಕಡೆಗೆ ವಾಲಿಸಬಲ್ಲದು. 35 ದಾಟಿ ಬಹಳ ದಿನ ನಿಂತರೆ ಮರಿಗಳು ಮೊಟ್ಟೆಯೊಳಗೇ ಸಾಯುತ್ತವೆ. ಆಸ್ಟ್ರೇಲಿಯಾದ ಉತ್ತರ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಹುಟ್ಟಿದ, ಇನ್ನೂ ಪ್ರಾಯಕ್ಕೆ ಬಾರದ ಹಸಿರು ಕಡಲಾಮೆಗಳಲ್ಲಿ 99%ಕ್ಕೂ ಹೆಚ್ಚು ಹೆಣ್ಣು ಎಂದು 2018ರಲ್ಲಿ ವರದಿಯಾಯಿತು. ಇದು ನಿಜಕ್ಕೂ ಆತಂಕದ ಸಂಗತಿ.

ಮೊಟ್ಟೆಗಳನ್ನು ಹ್ಯಾಚರಿಗೆ (ಕಾಪಾಡಿ ಮರಿ ಮಾಡಿಸುವ ಜಾಗಕ್ಕೆ) ಸಾಗಿಸುವವರು, ಆಮೆ ಮೊಟ್ಟೆಯಿಟ್ಟ ಎರಡು-ಮೂರು ಗಂಟೆಯೊಳಗೆ, ಹೊರಳಿಸದೆ ಒಯ್ಯಬೇಕು. ತಡವಾದರೆ ಭ್ರೂಣ ಮೇಲಿನ ಸಿಪ್ಪೆಗೆ ಅಂಟಿಕೊಂಡಿರುತ್ತದೆ. ಹೊರಳಿಸಿದರೆ ಪೊರೆ ಹರಿಯುತ್ತದೆ. ಗುಂಡಿ ಸುಮಾರು ಒಂದೂವರೆ ಅಡಿ ಆಳವಿರಲಿ. ಥರ್ಮಾಮೀಟರನ್ನು ಪಕ್ಕದ ಮರಳಿನಲ್ಲಲ್ಲ, ಮೊಟ್ಟೆಗಳ ನಡುವೆಯೇ ಇಡಿ: ಬೆಳೆಯುವ ಭ್ರೂಣಗಳು ತಾವೇ ಬಿಸಿ ಹುಟ್ಟಿಸುತ್ತವೆ. ಇಡೀ ಹ್ಯಾಚರಿಗೆ ದಟ್ಟ ನೆರಳು ಕಟ್ಟಿದರೆ ಗಂಡೇ ಹೆಚ್ಚಾಗಬಹುದು. ಹಾಗಾಗಿ ತೆಂಗಿನ ಗರಿಯ ನೆರಳು ಅರ್ಧ ಭಾಗಕ್ಕೆ ಸಾಕು.

ಮೊಸಳೆಯ ಲೆಕ್ಕ ಬೇರೆ. ನಮ್ಮ ಮಗ್ಗರ್ ಮೊಸಳೆಯಲ್ಲಿ 28-31 ಡಿಗ್ರಿಗೆ ಬರೀ ಹೆಣ್ಣು, 32.5ರ ಹತ್ತಿರ ಗಂಡು. ಹಾವುಗಳಿಗೆ ಇದು ಅನ್ವಯಿಸದು, ಅವುಗಳದ್ದು ವರ್ಣತಂತುಗಳಿಂದಲೇ ನಿರ್ಧಾರ.